ಮನೆಯಲ್ಲಿಯೇ ಸಸ್ಯಜನ್ಯ ಸಾಬೂನು: ತಯಾರಿಸುವ ಕ್ರಮ ಮತ್ತು ವಹಿಸಬೇಕಾದ ಎಚ್ಚರಿಕೆ



ಹಿಂದಿನ ಒಂದು ಮಳೆಗಾಲದಲ್ಲಿ, ನಾನು ಕೆಲಸ ಮಾಡುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದೂವರೆ ವರ್ಷದ ಮಗುವೊಂದನ್ನು ಕರೆತಂದರು. ಆ ಮಗುವಿಗೆ ಭೇದಿಯಾಗಿದ್ದುದು ಆ ವರ್ಷದಲ್ಲಿ ಅದು ಮೂರನೆಯ ಸಲ. ಕಣ್ಣುಗಳು ಗುಳಿಬಿದ್ದಿದ್ದವು, ನಾಲಗೆ ಒಣಗಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಓ.ಆರ್.ಎಸ್. ದ್ರಾವಣವನ್ನು ಚಮಚ ಚಮಚವಾಗಿ ಕುಡಿಸಿ, ಸತುವಿನ ಮಾತ್ರೆ ಕೊಟ್ಟು ಉಪಚರಿಸಿದ ಮೇಲೆ ಮಗು ಚೇತರಿಸಿಕೊಂಡಿತು. ಮರುವಾರ ನಾನು ಆ ಮನೆಗೆ ಹೋದೆ. ಅಂಗಳ ಸಾರಿಸಿ ರಂಗೋಲಿ ಇಟ್ಟಿದ್ದರು. ಪಾತ್ರೆಗಳು ಥಳಥಳಿಸುತ್ತಿದ್ದವು. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳವಿತ್ತು. "ಕೈ ತೊಳೆಯುವ ಸಾಬೂನು ಎಲ್ಲಿದೆ, ತಾಯಿ?" ಎಂದು ಕೇಳಿದೆ. ಮಗುವಿನ ಅಜ್ಜಿ ಒಳಕ್ಕೆ ಹೋಗಿ, ಟ್ರಂಕಿನ ಬೀಗ ತೆಗೆದು, ಮೇಲಿನ ಕಾಗದವನ್ನೂ ಬಿಚ್ಚದಿದ್ದ ಸಾಬೂನೊಂದನ್ನು ತಂದು ತೋರಿಸಿದರು. "ನೆಂಟರು ಬಂದಾಗ ತೆಗೆಯುತ್ತೇವೆ, ಡಾಕ್ಟರೇ" ಎಂದರು.

ಆ ಮನೆಯವರಿಗೆ ಸ್ವಚ್ಛತೆಯ ಅರಿವು ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಸಾಬೂನು ಅವರ ಪಾಲಿಗೆ ಎಣಿಸಿ ಖರ್ಚು ಮಾಡಬೇಕಾದ ವಸ್ತುವಾಗಿತ್ತು. ನಮ್ಮ ಮನೆಗಳಲ್ಲಿ ಕೊಬ್ಬರಿ, ಕಡಲೆಕಾಯಿ, ಹರಳು, ಹೊಂಗೆ ಮೊದಲಾದ ಎಣ್ಣೆಗಳು ದೊರೆಯುತ್ತವೆ. ಇವುಗಳಿಂದ ಮನೆಯಲ್ಲಿಯೇ ಸಾಬೂನನ್ನು ತಯಾರಿಸಿಕೊಳ್ಳಬಹುದೇ ಎಂದು ಅನೇಕರು ಕೇಳುತ್ತಾರೆ. ತಯಾರಿಸಿಕೊಳ್ಳಬಹುದು. ಆದರೆ ಈ ಕೆಲಸದಲ್ಲಿ ಒಂದು ದೊಡ್ಡ ಅಪಾಯವೂ ಅಡಗಿದೆ. ತಯಾರಿಸುವ ಕ್ರಮವನ್ನೂ ಆ ಅಪಾಯವನ್ನೂ ಒಟ್ಟಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ದಯವಿಟ್ಟು ಪತಿಪತ್ನಿಯರಿಬ್ಬರೂ ಕುಳಿತು ಕೊನೆಯವರೆಗೆ ಓದಿರಿ. ಓದಲು ಬಾರದವರಿಗೆ ಓದಬಲ್ಲವರು ಓದಿ ಹೇಳಿರಿ.

ಸಾಬೂನಿನಿಂದ ಆಗುವ ಉಪಕಾರ

ಭೇದಿ, ವಾಂತಿಭೇದಿ, ವಿಷಮಶೀತ ಜ್ವರ, ಜಂತುಹುಳು ಮೊದಲಾದ ರೋಗಗಳು ಬಹುಮಟ್ಟಿಗೆ ಕೈಗಳ ಮೂಲಕವೇ ಬಾಯಿಯನ್ನು ಸೇರುತ್ತವೆ. ಬಹಿರ್ದೆಸೆಗೆ ಹೋಗಿ ಬಂದ ಮೇಲೆ ಬರಿಯ ನೀರಿನಿಂದ ಕೈ ತೊಳೆದರೆ ಕಣ್ಣಿಗೆ ಕಾಣುವ ಕೊಳೆ ಹೋಗುತ್ತದೆ. ಕಣ್ಣಿಗೆ ಕಾಣದ ರೋಗಾಣುಗಳು ಚರ್ಮದ ಜಿಡ್ಡಿನಲ್ಲಿ, ಉಗುರುಗಳ ಸಂದಿಯಲ್ಲಿ ಉಳಿಯುತ್ತವೆ. ಸಾಬೂನು ಹಚ್ಚಿ ಉಜ್ಜಿದಾಗ ಜಿಡ್ಡಿನೊಡನೆ ಅವೂ ಸಡಿಲಗೊಂಡು ನೀರಿನಲ್ಲಿ ಹರಿದುಹೋಗುತ್ತವೆ. ಸಾಬೂನಿನಿಂದ ಕೈ ತೊಳೆಯುವ ಅಭ್ಯಾಸವೊಂದರಿಂದಲೇ ಭೇದಿಯ ಪ್ರಕರಣಗಳು ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತವೆ ಎಂಬುದು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಿಂದ ತಿಳಿದುಬಂದಿದೆ.

ಕೈ ತೊಳೆಯುವುದರ ಮಹತ್ವವನ್ನು ವೈದ್ಯರಾದ ನಾವೂ ತಡವಾಗಿಯೇ ಕಲಿತೆವು. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ಮಾಡಿಸುವವರೆಲ್ಲರೂ ಕೈಗಳನ್ನು ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಲ್ಲಿ ತೊಳೆಯತಕ್ಕದ್ದೆಂದು ವಿಧಿಸಿದರು. ಬಾಣಂತಿ ಜ್ವರದಿಂದ ಸಾಯುತ್ತಿದ್ದ ತಾಯಂದಿರ ಸಂಖ್ಯೆ ಅಲ್ಲಿ ಬಹಳವಾಗಿ ಇಳಿಯಿತು. ವೈದ್ಯರ ಕೈಗಳೇ ರೋಗವನ್ನು ಹೊತ್ತು ತರುತ್ತಿದ್ದವೆಂಬ ಮಾತನ್ನು ಒಪ್ಪಲು ಅಂದಿನ ಅನೇಕ ವೈದ್ಯರು ಸಿದ್ಧರಿರಲಿಲ್ಲ. 2020ರಲ್ಲಿ ಕೋವಿಡ್ ರೋಗ ಹರಡಿದಾಗ ಇದೇ ಪಾಠವನ್ನು ನಾವೆಲ್ಲರೂ ಮತ್ತೊಮ್ಮೆ ಓದಬೇಕಾಯಿತು.

ಸಾಬೂನು ಎಂದರೇನು?

ಎಣ್ಣೆಯೂ ನೀರೂ ಬೆರೆಯುವುದಿಲ್ಲವೆಂಬುದು ನಿಮಗೆ ತಿಳಿದೇ ಇದೆ. ಸಾಬೂನಿನ ಪ್ರತಿಯೊಂದು ಕಣಕ್ಕೂ ಎರಡು ತುದಿಗಳುಂಟು. ಒಂದು ತುದಿ ನೀರಿನೊಡನೆ ಸೇರುತ್ತದೆ. ಇನ್ನೊಂದು ತುದಿ ಎಣ್ಣೆ, ಜಿಡ್ಡುಗಳೊಡನೆ ಸೇರುತ್ತದೆ. ಹೀಗೆ ಸಾಬೂನು ಇವೆರಡರ ನಡುವೆ ಮಧ್ಯಸ್ಥಿಕೆ ವಹಿಸಿ, ಜಿಡ್ಡನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹೊರಗೆ ಸಾಗಿಸುತ್ತದೆ.

ಎಣ್ಣೆಗೆ ತೀಕ್ಷ್ಣವಾದ ಕ್ಷಾರವನ್ನು ಸೇರಿಸಿದಾಗ ಎಣ್ಣೆ ವಿಭಜನೆಗೊಂಡು ಸಾಬೂನು ಮತ್ತು ಗ್ಲಿಸರಿನ್ ಎಂಬ ಎರಡು ಪದಾರ್ಥಗಳು ಉಂಟಾಗುತ್ತವೆ. ಈ ಕ್ರಿಯೆಗೆ ಸಾಬೂನೀಕರಣವೆಂದು ಹೆಸರು. ಎಣ್ಣೆ ಮತ್ತು ಕೊಬ್ಬುಗಳ ರಚನೆಯನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಕ್ರಿಯೆ ಪೂರ್ಣಗೊಂಡ ಮೇಲೆ ಒಳ್ಳೆಯ ಸಾಬೂನಿನಲ್ಲಿ ಬಿಡಿ ಕ್ಷಾರ ಉಳಿದಿರಕೂಡದು. ಆದುದರಿಂದ ಕ್ಷಾರವನ್ನು ಸ್ವಲ್ಪ ಕಡಿಮೆ ಹಾಕಿ, ಎಣ್ಣೆಯ ಸ್ವಲ್ಪ ಭಾಗ ಮಿಗುವಂತೆ ನೋಡಿಕೊಳ್ಳುವುದು ಈ ಕೆಲಸದ ಮುಖ್ಯ ಸೂತ್ರ. ಮಿಕ್ಕ ಎಣ್ಣೆ ಚರ್ಮಕ್ಕೆ ಮೃದುತ್ವವನ್ನು ಕೊಡುತ್ತದೆ. ಮಿಕ್ಕ ಕ್ಷಾರವಾದರೋ ಚರ್ಮವನ್ನು ಸುಡುತ್ತದೆ.

ಸೀಗೆ, ಅಂಟುವಾಳ ಮತ್ತು ಬೂದಿ

ಸಾಬೂನು ಅಂಗಡಿಗೆ ಬರುವ ಮೊದಲು ನಮ್ಮ ಹಿರಿಯರು ಸೀಗೆಕಾಯಿ, ಅಂಟುವಾಳದ ಕಾಯಿ, ಕಡಲೆಹಿಟ್ಟು, ಹೆಸರುಹಿಟ್ಟುಗಳನ್ನು ಬಳಸುತ್ತಿದ್ದರು. ಸೀಗೆ ಮತ್ತು ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ಪದಾರ್ಥವಿದೆ. ಹತ್ತು ಹನ್ನೆರಡು ಅಂಟುವಾಳದ ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ ಸೋಸಿದರೆ ರೇಷ್ಮೆ, ಉಣ್ಣೆಯ ಬಟ್ಟೆಗಳನ್ನೂ ತಲೆಗೂದಲನ್ನೂ ತೊಳೆಯಲು ಯೋಗ್ಯವಾದ ನೀರು ಸಿದ್ಧವಾಗುತ್ತದೆ. ಇದನ್ನು ಎರಡು ಮೂರು ದಿನಗಳೊಳಗೆ ಬಳಸಿ ಮುಗಿಸಬೇಕು; ಕಣ್ಣಿಗೆ ತಗಲದಂತೆ ನೋಡಿಕೊಳ್ಳಬೇಕು. ಇವುಗಳ ತಯಾರಿಕೆಯಲ್ಲಿ ಸುಡುವ ಪದಾರ್ಥ ಯಾವುದೂ ಇಲ್ಲವಾದುದರಿಂದ ಅಪಾಯವಿಲ್ಲ. ಆದರೆ ಶೌಚದ ನಂತರ ಮತ್ತು ಊಟಕ್ಕೆ ಮೊದಲು ಕೈ ತೊಳೆಯಲು ಸಾಬೂನನ್ನೇ ಬಳಸಿರಿ.

ಒಲೆಯ ಬೂದಿಯಿಂದ ಇಳಿಸಿದ ತಿಳಿನೀರಿಗೆ ಸುಣ್ಣ ಸೇರಿಸಿ ಕ್ಷಾರ ತಯಾರಿಸುವ ಕ್ರಮವೊಂದುಂಟು. ಅದರಿಂದ ಮೆತ್ತಗಿನ ಸಾಬೂನು ಬರುತ್ತದೆ. ಆದರೆ ಒಂದೊಂದು ಮರದ ಬೂದಿಯ ಕ್ಷಾರವೂ ಒಂದೊಂದು ಬಗೆ. ಅದರ ಬಲವನ್ನು ಮನೆಯಲ್ಲಿ ನಿಖರವಾಗಿ ಅಳೆಯಲು ಬರುವುದಿಲ್ಲ. ಆದುದರಿಂದ ಮೈಗೆ ಹಚ್ಚುವ ಸಾಬೂನಿಗೆ ಬೂದಿನೀರನ್ನು ಉಪಯೋಗಿಸದಿರುವುದು ಲೇಸು.

ಕ್ಷಾರದ ಅಪಾಯ

ಸಾಬೂನು ತಯಾರಿಸಲು ಬೇಕಾಗುವ ಕ್ಷಾರವೆಂದರೆ ಕಾಸ್ಟಿಕ್ ಸೋಡಾ. ಇದು ಬಿಳಿಯ ಚಕ್ಕೆಗಳ ಅಥವಾ ಮುತ್ತಿನಂಥ ಕಾಳುಗಳ ರೂಪದಲ್ಲಿ ದೊರೆಯುತ್ತದೆ. ಅಡುಗೆ ಸೋಡಾ ಬೇರೆ, ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ, ಕಾಸ್ಟಿಕ್ ಸೋಡಾ ಬೇರೆ. ಈ ಮೂರನ್ನೂ ಒಂದೆಂದು ಭಾವಿಸಕೂಡದು. ಚರಂಡಿ ಕೊಳವೆ ಶುಚಿಮಾಡಲು ಮಾರುವ ಪುಡಿಗಳಲ್ಲಿ ಬೇರೆ ಪದಾರ್ಥಗಳು ಬೆರೆತಿರುತ್ತವೆ; ಅವನ್ನು ಸಾಬೂನಿಗೆ ಎಂದೂ ಬಳಸಬಾರದು.

ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ; ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಇದರ ದ್ರಾವಣ ನೋಡಲು ನೀರಿನಂತೆಯೇ ಇರುತ್ತದೆ. ನಾನು ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಒಂದು ಮನೆಯಲ್ಲಿ ಸಾಬೂನು ಮಾಡುವುದಕ್ಕೆಂದು ದ್ರಾವಣವನ್ನು ಸ್ಟೀಲ್ ಲೋಟದಲ್ಲಿ ಕಲಸಿ, ಆರಲೆಂದು ಜಗಲಿಯ ಮೇಲೆ ಇಟ್ಟಿದ್ದರು. ಆಡಿ ಬಂದ ಮೂರು ವರ್ಷದ ಮಗು ಬಾಯಾರಿಕೆಯಿಂದ ಅದನ್ನು ಎತ್ತಿ ಒಂದು ಗುಟುಕು ಕುಡಿಯಿತು. ಒಂದೇ ಗುಟುಕು. ಮಗು ಬದುಕಿತು, ಆದರೆ ಅನ್ನನಾಳ ಸುಟ್ಟು ಮಾಯುವಾಗ ಕಿರಿದಾಯಿತು. ಅನ್ನ ನುಂಗಲಾರದ ಆ ಮಗುವನ್ನು ಅನ್ನನಾಳ ಹಿಗ್ಗಿಸುವ ಚಿಕಿತ್ಸೆಗಾಗಿ ತಂದೆತಾಯಿಗಳು ದೂರದ ದೊಡ್ಡ ಆಸ್ಪತ್ರೆಗೆ ಮತ್ತೆ ಮತ್ತೆ ಕರೆದೊಯ್ಯಬೇಕಾಯಿತು. ಆ ತಂದೆತಾಯಿಗಳು ಅಜಾಗರೂಕರೆಂದು ನಾನು ದೂಷಿಸಲಾರೆ. ಲೋಟದಲ್ಲಿರುವುದು ಏನೆಂದು ಅವರಿಗೆ ಯಾರೂ ತಿಳಿಸಿ ಹೇಳಿರಲಿಲ್ಲ.

ಆದಕಾರಣ ಈ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿರಿ:

1. ಐದು ವರ್ಷಕ್ಕಿಂತ ಕಿರಿಯ ಮಕ್ಕಳು ಮನೆಯಲ್ಲಿರುವಾಗ ಕಾಸ್ಟಿಕ್ ಸೋಡಾದ ಕೆಲಸಕ್ಕೆ ಕೈಹಾಕಬೇಡಿರಿ. ಅಂಥವರಿಗೆ ಬೇರೊಂದು ಸುಲಭ ಮಾರ್ಗವನ್ನು ಮುಂದೆ ಹೇಳಿದೆ.

2. ಲೋಟ, ಚೊಂಬು, ತಂಪು ಪಾನೀಯದ ಬಾಟಲಿ ಮೊದಲಾದ, ಕುಡಿಯಲು ಬಳಸುವ ಯಾವ ಪಾತ್ರೆಯಲ್ಲಿಯೂ ಕ್ಷಾರವನ್ನು ಹಾಕಕೂಡದು. ಮಿಕ್ಕ ಸೋಡಾವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, "ವಿಷ" ಎಂದು ದಪ್ಪಕ್ಷರದಲ್ಲಿ ಬರೆದು, ಬೀಗ ಹಾಕಿಡಬೇಕು.

3. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಬಳಸಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದುಹಾಕುತ್ತದೆ. ಆಗ ಹೊರಬರುವ ಅನಿಲಕ್ಕೆ ಬೆಂಕಿ ತಗಲಬಹುದು. ಸ್ಟೀಲ್ ಅಥವಾ ಬಿಸಿ ತಡೆಯುವ ದಪ್ಪ ಪ್ಲಾಸ್ಟಿಕ್ ಪಾತ್ರೆ ಯೋಗ್ಯ. ಒಮ್ಮೆ ಈ ಕೆಲಸಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ತರಬಾರದು.

4. ಯಾವಾಗಲೂ ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರನ್ನು ಸುರಿಯಕೂಡದು. ಸುರಿದರೆ ದ್ರಾವಣ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

5. ಉದ್ದ ತೋಳಿನ ಅಂಗಿ, ರಬ್ಬರ್ ಕೈಚೀಲ, ಕಣ್ಣಿಗೆ ರಕ್ಷಣೆಯ ಕನ್ನಡಕ, ಕಾಲಿಗೆ ಮುಚ್ಚಿದ ಪಾದರಕ್ಷೆ ಇಲ್ಲದೆ ಕೆಲಸ ಆರಂಭಿಸಬಾರದು. ಗಾಳಿಯಾಡುವ ಬಯಲಿನಲ್ಲಿ ಮಾಡಬೇಕು. ಗರ್ಭಿಣಿಯರೂ ಉಬ್ಬಸ ಇರುವವರೂ ದೂರವಿರಬೇಕು.

6. ಒಬ್ಬರೇ ಈ ಕೆಲಸ ಮಾಡಬೇಡಿರಿ. ಪತಿಪತ್ನಿಯರಲ್ಲಿ ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿದ್ದು, ಯಾರೂ ಹತ್ತಿರ ಬಾರದಂತೆ ಕಾಯಬೇಕು. ಎರಡು ಬಕೆಟ್ ಶುದ್ಧ ನೀರನ್ನು ಕೈಗೆಟಕುವಂತೆ ಮೊದಲೇ ಇಟ್ಟುಕೊಳ್ಳಬೇಕು.

ಬೇಕಾಗುವ ಸಾಮಗ್ರಿ

ಮೈ ಮತ್ತು ಕೈ ತೊಳೆಯುವ ಸಾಬೂನಿಗೆ ಈ ಪ್ರಮಾಣವನ್ನು ಅನುಸರಿಸಬಹುದು:

ಕೊಬ್ಬರಿ ಎಣ್ಣೆ 300 ಗ್ರಾಂ
ಕಡಲೆಕಾಯಿ ಎಣ್ಣೆ 150 ಗ್ರಾಂ
ಹರಳೆಣ್ಣೆ 50 ಗ್ರಾಂ
ಕಾಸ್ಟಿಕ್ ಸೋಡಾ 76 ಗ್ರಾಂ
ಶುದ್ಧವಾದ ಮೆದುನೀರು (ಸೋಸಿದ ಮಳೆನೀರಾದರೂ ಆದೀತು) 190 ಗ್ರಾಂ

ಕೊಬ್ಬರಿ ಎಣ್ಣೆ ಗಟ್ಟಿತನವನ್ನೂ ಹೇರಳ ನೊರೆಯನ್ನೂ ಕೊಡುತ್ತದೆ. ಕಡಲೆಕಾಯಿ ಎಣ್ಣೆ ಮೃದುತ್ವವನ್ನು ಕೊಡುತ್ತದೆ. ಹರಳೆಣ್ಣೆಯಿಂದ ನೊರೆ ನಿಲ್ಲುತ್ತದೆ. ಎಲ್ಲವನ್ನೂ, ನೀರನ್ನೂ ಸಹ, ತಕ್ಕಡಿಯಲ್ಲಿಯೇ ತೂಗಬೇಕು. ಪಾವು, ಬಟ್ಟಲು, ಚಮಚಗಳ ಅಳತೆ ಇಲ್ಲಿ ಸಲ್ಲದು. ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿ ಇಲ್ಲದಿದ್ದರೆ, ದಿನಸಿ ಅಂಗಡಿಯವರಿಂದ ಎಣ್ಣೆ ಸೋಡಾಗಳನ್ನು ಬೇರೆ ಬೇರೆಯಾಗಿ ತೂಗಿಸಿ ತರಬಹುದು.

ಲೆಕ್ಕದ ಕಾರಣವನ್ನೂ ತಿಳಿದುಕೊಳ್ಳಿರಿ. 300 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿಯಾಗಿ ಸಾಬೂನಾಗಲು ಸುಮಾರು 55 ಗ್ರಾಂ, 150 ಗ್ರಾಂ ಕಡಲೆಕಾಯಿ ಎಣ್ಣೆಗೆ ಸುಮಾರು 20 ಗ್ರಾಂ, 50 ಗ್ರಾಂ ಹರಳೆಣ್ಣೆಗೆ ಸುಮಾರು 6 ಗ್ರಾಂ ಸೋಡಾ ಬೇಕು. ಒಟ್ಟು 81 ಗ್ರಾಂ. ನಾವು 76 ಗ್ರಾಂ ಮಾತ್ರ ಹಾಕುವುದರಿಂದ ಸ್ವಲ್ಪ ಎಣ್ಣೆ ಮಿಗುತ್ತದೆ. ಒಂದೊಂದು ಎಣ್ಣೆಗೂ ಬೇಕಾಗುವ ಕ್ಷಾರ ಬೇರೆ ಬೇರೆ. ಆದುದರಿಂದ ಕೊಬ್ಬರಿ ಎಣ್ಣೆಯ ಬದಲಿಗೆ ಅಷ್ಟೇ ತೂಕದ ಬೇರೆ ಎಣ್ಣೆಯನ್ನು ಹಾಕಿ, ಸೋಡಾವನ್ನು ಮೊದಲಿನಷ್ಟೇ ಇಟ್ಟರೆ ಸಾಬೂನು ಚರ್ಮವನ್ನು ಸುಡುವಂಥದಾಗಬಹುದು.

ತಯಾರಿಸುವ ಕ್ರಮ

ಮೊದಲನೆಯದಾಗಿ, ಅಚ್ಚನ್ನು ಸಿದ್ಧಪಡಿಸಿರಿ. ಮರದ ಚಿಕ್ಕ ಪೆಟ್ಟಿಗೆಯ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದರೆ ಸಾಕು.

ಎರಡನೆಯದಾಗಿ, ತೂಗಿದ ನೀರನ್ನು ಸ್ಟೀಲ್ ಪಾತ್ರೆಗೆ ಹಾಕಿ, ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಉದ್ದ ಹಿಡಿಯ ಸ್ಟೀಲ್ ಸೌಟಿನಿಂದ ಕದಡಿರಿ. ಒಲೆಯ ಮೇಲೆ ಇಡದಿದ್ದರೂ ದ್ರಾವಣ ತಾನಾಗಿಯೇ ಬಹಳ ಬಿಸಿಯಾಗುತ್ತದೆ. ಘಾಟಿನ ಹಬೆ ಏಳುತ್ತದೆ. ಮುಖವನ್ನು ಪಾತ್ರೆಯ ಮೇಲೆ ಬಗ್ಗಿಸಬೇಡಿರಿ. ಸೋಡಾ ಪೂರ್ತಿ ಕರಗಿದ ಮೇಲೆ ಮುಚ್ಚಿ, ಆರುವುದಕ್ಕೆ ಬಿಡಿರಿ. ಆರುವಷ್ಟು ಹೊತ್ತೂ ಒಬ್ಬರು ಅದರ ಬಳಿಯೇ ಇರಬೇಕು. ಆ ಮೂರು ವರ್ಷದ ಮಗುವನ್ನು ನೆನಪಿಡಿರಿ.

ಮೂರನೆಯದಾಗಿ, ಎಣ್ಣೆಗಳನ್ನು ಒಟ್ಟುಗೂಡಿಸಿ ಉಗುರುಬೆಚ್ಚಗೆ ಮಾಡಿರಿ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದರೆ ಮೊದಲು ಕರಗಿಸಿಕೊಳ್ಳಬೇಕು. ಕ್ಷಾರದ ದ್ರಾವಣವೂ ಎಣ್ಣೆಯೂ ಹೆಚ್ಚುಕಡಿಮೆ ಒಂದೇ ಉಗುರುಬೆಚ್ಚಗಿನ ಹದಕ್ಕೆ ಬಂದಾಗ, ದ್ರಾವಣವನ್ನು ಸಣ್ಣ ಧಾರೆಯಾಗಿ ಎಣ್ಣೆಗೆ ಸುರಿಯುತ್ತ, ಸೌಟನ್ನು ಒಂದೇ ಸಮನೆ ಆಡಿಸಿರಿ. ಚಿಮ್ಮುವಂತೆ ಕಡೆಯಬೇಡಿರಿ.

ನಾಲ್ಕನೆಯದಾಗಿ, ಹದ ಬರುವವರೆಗೂ ಕದಡುತ್ತಿರಬೇಕು. ಕೈಯಿಂದ ಕದಡಿದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಇಬ್ಬರೂ ಸರದಿಯ ಮೇಲೆ ಕದಡಬಹುದು. ಮಿಶ್ರಣ ದೋಸೆ ಹಿಟ್ಟಿನಷ್ಟು ಮಂದವಾಗಿ, ಸೌಟಿನಿಂದ ಬಿದ್ದ ಎಳೆ ಮೇಲ್ಭಾಗದಲ್ಲಿ ಕ್ಷಣಕಾಲ ಗುರುತಾಗಿ ನಿಂತರೆ ಹದ ಬಂದಿತೆಂದು ತಿಳಿಯಬೇಕು.

ಐದನೆಯದಾಗಿ, ಇಷ್ಟವಿದ್ದಲ್ಲಿ ನೆರಳಿನಲ್ಲಿ ಒಣಗಿಸಿ ಪುಡಿಮಾಡಿದ ಬೇವಿನೆಲೆ, ಸೀಗೆಪುಡಿ, ಅರಿಸಿನ, ಇವುಗಳಲ್ಲಿ ಯಾವುದಾದರೊಂದನ್ನು ಒಂದು ಚಹಾ ಚಮಚದಷ್ಟು ಸೇರಿಸಬಹುದು. ಹಸಿ ಸೊಪ್ಪಿನ ರಸವನ್ನು ಹಾಕಿದರೆ ನೀರಿನ ಪ್ರಮಾಣ ಬದಲಾಗುತ್ತದೆ, ಸಾಬೂನು ಬಣ್ಣಗೆಡುತ್ತದೆ. ಅರಿಸಿನ ಹಾಕಿದೊಡನೆ ಮಿಶ್ರಣ ಕೆಂಪಗಾದರೆ ಗಾಬರಿಪಡಬೇಡಿರಿ. ಕ್ಷಾರ ತಗಲಿದಾಗ ಅರಿಸಿನ ಕೆಂಪಾಗುವುದು ಅದರ ಗುಣ. ಸುಣ್ಣ ಬೆರೆತಾಗ ಅರಿಸಿನದ ನೀರು ಓಕುಳಿಯಾಗುವುದನ್ನು ನೀವು ನೋಡಿಯೇ ಇದ್ದೀರಿ. ಈ ಪುಡಿಗಳಿಂದ ಬಣ್ಣವೂ ತಕ್ಕಷ್ಟು ಪರಿಮಳವೂ ಬರುತ್ತವೆ. ಇವುಗಳಿಂದ ಚರ್ಮರೋಗ ಗುಣವಾಗುತ್ತದೆಂದು ನಂಬಿ ಚಿಕಿತ್ಸೆಯನ್ನು ತಡಮಾಡಕೂಡದು.

ಆರನೆಯದಾಗಿ, ಮಿಶ್ರಣವನ್ನು ಅಚ್ಚಿಗೆ ಸುರಿದು, ಮೇಲೆ ಹಲಗೆ ಮುಚ್ಚಿ, ಗೋಣಿಚೀಲ ಹೊದಿಸಿ, ಬೀಗವಿರುವ ಕೋಣೆಯಲ್ಲಿಡಿರಿ. ಒಂದು ದಿನದ ನಂತರ ಗಟ್ಟಿಯಾಗಿರುವುದನ್ನು ಕೈಚೀಲ ಧರಿಸಿಯೇ ಹೊರತೆಗೆದು ತುಂಡುಗಳಾಗಿ ಕತ್ತರಿಸಿರಿ. ಇನ್ನೂ ಮೆತ್ತಗಿದ್ದರೆ ಮತ್ತೊಂದು ದಿನ ಬಿಡಿರಿ. ಈ ಪ್ರಮಾಣದಿಂದ ಕೈಗೆ ಹೊಂದುವ ಏಳು ತುಂಡುಗಳಾಗುತ್ತವೆ.

ಏಳನೆಯದಾಗಿ, ತುಂಡುಗಳನ್ನು ಬಿದಿರಿನ ತಟ್ಟೆಯ ಮೇಲೆ ಒಂದಕ್ಕೊಂದು ತಗಲದಂತೆ ಜೋಡಿಸಿ, ನೆರಳಿನಲ್ಲಿ, ಗಾಳಿಯಾಡುವ ಎತ್ತರದ ಸ್ಥಳದಲ್ಲಿ ಐದಾರು ವಾರ ಒಣಗಿಸಿರಿ. ವಾರಕ್ಕೊಮ್ಮೆ ಮಗುಚಿ ಹಾಕಿರಿ. ಈ ಅವಧಿಯಲ್ಲಿ ನೀರಿನ ಅಂಶ ಆರಿ ಸಾಬೂನು ಗಟ್ಟಿಯಾಗುತ್ತದೆ, ಹಿತವಾಗುತ್ತದೆ. ಹಸಿ ಸಾಬೂನನ್ನು ಆತುರಪಟ್ಟು ಮೈಗೆ ಹಚ್ಚಬಾರದು.

ಪರೀಕ್ಷಿಸುವ ಬಗೆ

ಒಣಗಿದ ಸಾಬೂನು ಒಳಹೊರಗೆ ಒಂದೇ ಸಮನಾಗಿರಬೇಕು. ತುಂಡನ್ನು ಕತ್ತರಿಸಿದಾಗ ಒಳಗೆ ಬಿಳಿಯ ಹರಳುಗಳು ಅಥವಾ ಜಿನುಗುವ ದ್ರವ ಕಂಡರೆ, ಎಣ್ಣೆ ಒಂದು ಕಡೆ, ಸಾಬೂನು ಒಂದು ಕಡೆ ಬೇರ್ಪಟ್ಟಿದ್ದರೆ, ಅದನ್ನು ಮೈಗೆ ಬಳಸಕೂಡದು. ನಾಲಗೆಯ ತುದಿಗೆ ತಗಲಿಸಿ ನೋಡುವ ರೂಢಿಯೊಂದಿದೆ. ವೈದ್ಯನಾಗಿ ನಾನು ಅದನ್ನು ಒಪ್ಪಲಾರೆ. ಅರಿಸಿನದ ಪರೀಕ್ಷೆಯನ್ನೂ ನೆಚ್ಚಬೇಡಿರಿ. ಎಲ್ಲ ಸಾಬೂನುಗಳಿಗೂ ಸ್ವಲ್ಪ ಕ್ಷಾರಗುಣ ಇದ್ದೇ ಇರುವುದರಿಂದ ಒಳ್ಳೆಯ ಸಾಬೂನಿಗೂ ಅರಿಸಿನ ಕೆಂಪಾಗುತ್ತದೆ. ಔಷಧ ಅಥವಾ ಪ್ರಯೋಗಶಾಲೆಯ ಸಾಮಾನು ಮಾರುವವರಲ್ಲಿ ಪಿ.ಎಚ್. ಕಾಗದ ದೊರೆಯುತ್ತದೆ. ಸಾಬೂನಿನ ನೊರೆಗೆ ಅದನ್ನು ಅದ್ದಿದಾಗ 9 ಅಥವಾ 10 ತೋರಿಸಿದರೆ ಸರಿ. 11ಕ್ಕಿಂತ ಹೆಚ್ಚಾಗಿದ್ದರೆ ಇನ್ನೂ ಕೆಲವು ವಾರ ಒಣಗಿಸಿ ನೋಡಿರಿ. ಆಗಲೂ ಇಳಿಯದಿದ್ದರೆ ಅದನ್ನು ಉಪಯೋಗಿಸಬೇಡಿರಿ. ಸರಿಯಾಗಿದ್ದ ಸಾಬೂನನ್ನು ಮೊದಲು ಮುಂಗೈಯ ಸ್ವಲ್ಪ ಭಾಗಕ್ಕೆ ಹಚ್ಚಿ ತೊಳೆದು, ಒಂದು ದಿನ ಕಾದು, ಉರಿ ಕೆಂಪುಗಳಿಲ್ಲವೆಂದು ಖಚಿತಪಡಿಸಿಕೊಂಡು ಬಳಸಿರಿ.

ಬಟ್ಟೆ ಒಗೆಯುವ ಸಾಬೂನು

ಬಟ್ಟೆ ಒಗೆಯಲು ಹೊಂಗೆ ಎಣ್ಣೆ ಉಪಯುಕ್ತ. ಸೋಸಿದ ಹೊಂಗೆ ಎಣ್ಣೆ 250 ಗ್ರಾಂ, ಕೊಬ್ಬರಿ ಎಣ್ಣೆ 250 ಗ್ರಾಂ, ಕಾಸ್ಟಿಕ್ ಸೋಡಾ 74 ಗ್ರಾಂ, ನೀರು 185 ಗ್ರಾಂ ತೆಗೆದುಕೊಂಡು ಮೇಲಿನ ಕ್ರಮದಲ್ಲಿಯೇ ತಯಾರಿಸಬಹುದು. ಬಣ್ಣ ಕಂದಾಗಿರುತ್ತದೆ, ಹೊಂಗೆಯ ವಾಸನೆ ಸ್ವಲ್ಪ ಉಳಿಯುತ್ತದೆ. ಕರಿದು ಮಿಕ್ಕ ಎಣ್ಣೆಯನ್ನು ಚೆನ್ನಾಗಿ ಸೋಸಿ, ಬಟ್ಟೆ ಸಾಬೂನಿನಲ್ಲಿ ಅದೇ ಎಣ್ಣೆಯ ಪಾಲಿಗೆ ಬದಲಾಗಿ ಬಳಸುವವರೂ ಉಂಟು. ಮೈ ಸಾಬೂನಿಗೆ ಮಾತ್ರ ಕರಿದ ಎಣ್ಣೆ ಬೇಡ.

ಚಿಕ್ಕ ಮಕ್ಕಳಿರುವ ಮನೆಗೆ ಸುಲಭ ಮಾರ್ಗ

ಕಾಸ್ಟಿಕ್ ಸೋಡಾ ಮನೆಗೆ ಬಾರದಂತೆಯೇ ಹೊಸ ಸಾಬೂನನ್ನು ಮಾಡಿಕೊಳ್ಳುವ ಉಪಾಯವೊಂದಿದೆ. ಅಂಗಡಿಯಲ್ಲಿ ದೊರೆಯುವ ಸಾಧಾರಣ ಸಾಬೂನನ್ನೋ, ಬಳಸಿ ಸವೆದು ಉಳಿದ ಚೂರುಗಳನ್ನೋ 250 ಗ್ರಾಂನಷ್ಟು ಕೂಡಿಸಿ ತುರಿಯಿರಿ. ಅದಕ್ಕೆ ಸುಮಾರು 60 ಮಿಲಿಲೀಟರ್ ನೀರು ಸೇರಿಸಿ, ಆ ಪಾತ್ರೆಯನ್ನು ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟು ನಿಧಾನವಾಗಿ ಕರಗಿಸಿರಿ. ಮುದ್ದೆಯ ಹದಕ್ಕೆ ಬಂದಾಗ ಒಂದು ಚಮಚ ಕೊಬ್ಬರಿ ಎಣ್ಣೆ, ಒಂದು ಚಮಚ ಬೇವಿನೆಲೆಯ ಪುಡಿ ಅಥವಾ ಸೀಗೆಪುಡಿ ಸೇರಿಸಿ, ಅಚ್ಚಿಗೆ ಒತ್ತಿ, ಒಂದೆರಡು ವಾರ ಒಣಗಿಸಿ ಬಳಸಿರಿ. ಮೊದಲ ಸಲ ಸಾಬೂನು ಮಾಡುವವರೆಲ್ಲರಿಗೂ ನಾನು ಇದನ್ನೇ ಸೂಚಿಸುತ್ತೇನೆ.

ಅಪಘಾತವಾದಲ್ಲಿ

ಕ್ಷಾರ ಚರ್ಮಕ್ಕೆ ಬಿದ್ದರೆ, ಒದ್ದೆಯಾದ ಬಟ್ಟೆಯನ್ನು ಕೂಡಲೇ ತೆಗೆದು, ಹರಿಯುವ ನೀರಿನಿಂದ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಅರ್ಧ ಗಂಟೆಯವರೆಗೆ ನೀರನ್ನು ಹರಿಸಿ, ತಡಮಾಡದೆ ಆಸ್ಪತ್ರೆಗೆ ಬನ್ನಿರಿ. ನಿಂಬೆರಸ, ಹುಣಿಸೆರಸ, ಮಜ್ಜಿಗೆ ಮೊದಲಾದ ಹುಳಿ ಪದಾರ್ಥಗಳನ್ನು ಹಾಕಬಾರದು.

ಯಾರಾದರೂ ಕ್ಷಾರವನ್ನು ನುಂಗಿದರೆ ವಾಂತಿ ಮಾಡಿಸಕೂಡದು. ಇಳಿಯುವಾಗ ಸುಟ್ಟ ಕ್ಷಾರ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಬಾಯನ್ನು ನೀರಿನಿಂದ ತೊಳೆದು, ಬಲವಂತವಾಗಿ ಏನನ್ನೂ ಕುಡಿಸದೆ, 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ. ಸೋಡಾದ ಪೊಟ್ಟಣವನ್ನೂ ಜೊತೆಗೆ ತನ್ನಿರಿ. ತುಟಿಬಾಯಿಗಳಲ್ಲಿ ಗಾಯ ಕಾಣದಿದ್ದರೂ ಒಳಗೆ ಸುಟ್ಟಿರಬಹುದು; ಆದುದರಿಂದ "ಏನೂ ಆಗಿಲ್ಲ" ಎಂದು ಮನೆಯಲ್ಲಿ ಉಳಿಯಬೇಡಿರಿ.

ಬಳಸುವಾಗ ತಿಳಿದಿರಬೇಕಾದುದು

ನವಜಾತ ಶಿಶುವಿಗೆ ಮನೆಯಲ್ಲಿ ಮಾಡಿದ ಸಾಬೂನನ್ನು ಬಳಸಬೇಡಿರಿ. ಅದರ ಚರ್ಮ ಬಹು ಎಳೆಯದು. ಹುಟ್ಟಿದೊಡನೆ ಸ್ನಾನ ಮಾಡಿಸದೆ, ಕನಿಷ್ಠ ಒಂದು ದಿನ ಮಗುವನ್ನು ಒರೆಸಿ ತಾಯಿಯ ಎದೆಗೊರಗಿಸಿ ಬೆಚ್ಚಗಿಡಬೇಕು. ಸಾಬೂನು ಬೇಕಾದುದು ಮಗುವನ್ನು ಎತ್ತಿಕೊಳ್ಳುವವರ ಕೈಗಳಿಗೆ. ಬಾಣಂತಿಯ ಕೋಣೆಗೆ ಹೋಗುವ ಪ್ರತಿಯೊಬ್ಬರೂ, ಅಜ್ಜಿಯಾಗಲಿ ತಂದೆಯಾಗಲಿ, ಕೈ ತೊಳೆದೇ ಒಳಗೆ ಹೋಗತಕ್ಕದ್ದು. ಬೇವಿನೆಣ್ಣೆಯನ್ನು ಸಾಬೂನಿಗೆ ಬಳಸುವವರು ಅದನ್ನು ಶಿಶುಗಳಿಗೆ ಎಂದೂ ಕುಡಿಸಬಾರದು. ಅದು ಎಳೆಯ ಮಕ್ಕಳ ಪ್ರಾಣಕ್ಕೇ ಅಪಾಯ ತರಬಲ್ಲದು.

ಸ್ತ್ರೀಯರು ಗುಪ್ತಾಂಗದ ಹೊರಭಾಗವನ್ನು ನೀರಿನಿಂದ ತೊಳೆದರೆ ಸಾಕು. ಒಳಭಾಗಕ್ಕೆ ಯಾವ ಸಾಬೂನೂ ತಗಲಬಾರದು. ಮುಟ್ಟಿನ ಬಟ್ಟೆಗಳನ್ನು ಬಳಸುವವರು ಅವುಗಳನ್ನು ಸಾಬೂನಿನಿಂದ ಒಗೆದು, ಮರೆಯಲ್ಲಿ ಬಚ್ಚಿಡದೆ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಒಣಗಿಸಲು ಬಿಸಿಲು ಬೀಳುವ ಹಗ್ಗವೊಂದನ್ನು ಕಟ್ಟಿಕೊಡುವುದು ಗಂಡನ ಕರ್ತವ್ಯವೆಂದು ತಿಳಿಯಬೇಕು.

ಖರ್ಚಿನ ವಿಚಾರ

ಮನೆಯ ಸಾಬೂನು ಯಾವಾಗಲೂ ಅಗ್ಗವೆಂದು ನಾನು ಹೇಳುವುದಿಲ್ಲ. ತೆಂಗು ಕಡಲೆಗಳನ್ನು ಬೆಳೆದು ಗಾಣದಲ್ಲಿ ಎಣ್ಣೆ ಆಡಿಸಿಕೊಳ್ಳುವವರಿಗೆ ಅದು ಲಾಭದಾಯಕ. ಎಣ್ಣೆಯನ್ನು ಪೇಟೆಯಿಂದ ಕೊಂಡು ತರುವವರು ಮೊದಲು ಲೆಕ್ಕ ಹಾಕಬೇಕು. ಕೆಲವು ವೇಳೆ ಅಂಗಡಿಯ ಸಾದಾ ಸಾಬೂನೇ ಕಡಿಮೆ ಬೆಲೆಗೆ ಸಿಗುತ್ತದೆ. ಹಾಗಿದ್ದಲ್ಲಿ ಅದನ್ನೇ ಕೊಳ್ಳಿರಿ. ರೋಗಾಣುಗಳನ್ನು ತೊಳೆಯುವ ಕೆಲಸದಲ್ಲಿ ಪರಿಮಳದ ದುಬಾರಿ ಸಾಬೂನಿಗೂ ಸಾದಾ ಸಾಬೂನಿಗೂ ವ್ಯತ್ಯಾಸವಿಲ್ಲ. ಮಹಿಳಾ ಸಂಘಗಳವರು ಸಾಬೂನು ಮಾಡಿ ಮಾರಬೇಕೆಂದಿದ್ದರೆ, ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ, 1940ರ ಮೇರೆಗೆ ಪರವಾನಗಿ ಪಡೆಯುವುದು ಅವಶ್ಯ.

ಕೊನೆಯ ಮಾತು

ಮಲವಿಸರ್ಜನೆಯ ನಂತರ, ಮಗುವಿನ ಮಲ ತೆಗೆದ ನಂತರ, ಅಡುಗೆಗೆ ಮೊದಲು, ಊಟಕ್ಕೆ ಮತ್ತು ಮಗುವಿಗೆ ಉಣಿಸುವುದಕ್ಕೆ ಮೊದಲು, ಈ ನಾಲ್ಕು ವೇಳೆಗಳಲ್ಲಿ ಅಂಗೈ, ಹಿಂಗೈ, ಬೆರಳ ಸಂದಿ, ಉಗುರುಗಳನ್ನು ಸಾಬೂನಿನಿಂದ 20 ಸೆಕೆಂಡುಗಳಷ್ಟು ಉಜ್ಜಿ ತೊಳೆಯಿರಿ. ದೊಡ್ಡವರು ತೊಳೆಯುವುದನ್ನು ನೋಡಿ ಮಕ್ಕಳು ಕಲಿಯುತ್ತಾರೆ. ಹುಟ್ಟಿದ ಮಕ್ಕಳು ಆರೋಗ್ಯದಿಂದ ಉಳಿದು ಬೆಳೆಯುವರೆಂಬ ಭರವಸೆಯಿರುವ ಮನೆಯಲ್ಲಿ, ಎಷ್ಟು ಮಕ್ಕಳು ಬೇಕು, ಎಷ್ಟು ಅಂತರವಿರಬೇಕು ಎಂಬುದನ್ನು ದಂಪತಿಗಳು ಭಯವಿಲ್ಲದೆ ನಿರ್ಧರಿಸಬಲ್ಲರು.

ಸಾಬೂನನ್ನು ನೀವು ಮಾಡಿದರೂ ಸರಿ, ಕೊಂಡು ತಂದರೂ ಸರಿ. ಒಂದು ತುಂಡು ಶೌಚಾಲಯದ ಬಾಗಿಲ ಬಳಿ, ಒಂದು ತುಂಡು ಅಡುಗೆಮನೆಯ ಬಚ್ಚಲ ಬಳಿ, ನೀರಿನ ಚೊಂಬಿನ ಪಕ್ಕದಲ್ಲಿಯೇ ಇರಲಿ. ನೀರು ನಿಲ್ಲದಂತೆ ತೂತಿರುವ ತೆಂಗಿನ ಚಿಪ್ಪಿನಲ್ಲಿಟ್ಟರೆ ಸಾಬೂನು ಕರಗದೆ ಬಾಳುತ್ತದೆ. ಮೊದಲು ಹೇಳಿದ ಆ ಮನೆಗೆ ಆರು ತಿಂಗಳ ನಂತರ ನಾನು ಮತ್ತೆ ಹೋಗಿದ್ದೆ. ಬಚ್ಚಲ ಕಟ್ಟೆಯ ಮೇಲೆ ಚಿಪ್ಪಿನಲ್ಲಿ ಅರ್ಧ ಸವೆದ ಸಾಬೂನಿತ್ತು. "ನೆಂಟರಿಗೆ?" ಎಂದು ಕೇಳಿದೆ. ಅಜ್ಜಿ ನಕ್ಕು, "ಅವರಿಗೂ ಇದೇ, ಡಾಕ್ಟರೇ" ಎಂದರು. ಮಗು ಅಂಗಳದಲ್ಲಿ ಆಡುತ್ತಿತ್ತು. ಆ ಮಳೆಗಾಲದ ನಂತರ ಅದನ್ನು ಭೇದಿಯೆಂದು ಆಸ್ಪತ್ರೆಗೆ ಕರೆತಂದಿರಲಿಲ್ಲ.